ಕೆಲಸ ಹೋದರೆ ಹೊಗೆ ಇಳಿಯುತ್ತದಾ? ನಿರುದ್ಯೋಗ, ನೀತಿಯ ಅನಿಶ್ಚಿತತೆ, ಇಂಗಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಿರುದ್ಯೋಗ, ಸರ್ಕಾರಗಳ ಆರ್ಥಿಕ ನೀತಿಯ ಅನಿಶ್ಚಿತತೆ, ಇಂಗಾಲದ ಹೊರಸೂಸುವಿಕೆ (ಇಂಧನ ಸುಟ್ಟಾಗ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್). ಈ ಮೂರರ ನಂಟಿನ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಲೆಕ್ಕಾಚಾರದವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪ್ರಶ್ನೆಗಳು

ಕೆಲಸ ಇರೋದು ಇಲ್ಲದಿರೋದಕ್ಕೂ ಇಂಗಾಲಕ್ಕೂ ಏನು ಸಂಬಂಧ?

ನಡುವೆ ಇರುವುದು ಉತ್ಪಾದನೆ. ಕಾರ್ಖಾನೆ ಪಾಳಿ ಕಡಿಮೆ ಮಾಡಿದರೆ ಕಾರ್ಮಿಕರಿಗೆ ಕೆಲಸ ತಪ್ಪುತ್ತದೆ, ಕುಲುಮೆಗೆ ಹೋಗುವ ಕಲ್ಲಿದ್ದಲೂ ಕಡಿಮೆಯಾಗುತ್ತದೆ. ಲಾರಿ ಓಡಾಟ ಇಳಿಯುತ್ತದೆ, ಡೀಸೆಲ್ ಉಳಿಯುತ್ತದೆ. ಸಂಬಳ ನಿಂತವರು ಖರ್ಚಿಗೆ ಕಡಿವಾಣ ಹಾಕುತ್ತಾರೆ. ಆಗ ಇನ್ನೊಂದು ಕಾರ್ಖಾನೆಯ ಸರಕು ಮಾರಾಟವಾಗದೆ ಉಳಿಯುತ್ತದೆ. ಹೀಗೆ ಎರಡೂ ಒಟ್ಟಿಗೆ ನಡೆಯುತ್ತವೆ. ಆದರೆ ಒಂದು ಮಾತು ನೆನಪಿರಲಿ. ನಿರುದ್ಯೋಗ ತಾನಾಗಿ ಇಂಗಾಲವನ್ನು ಇಳಿಸುವುದಿಲ್ಲ. ಎರಡರ ಹಿಂದೆಯೂ ಇರುವುದು ಕುಸಿದ ಆರ್ಥಿಕತೆ.

ಜಪಾನಿನ ಯೋಯಿಚಿ ಕಾಯಾ ಅವರ ಹೆಸರಿನ ಒಂದು ಸರಳ ಸೂತ್ರ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಒಟ್ಟು ಹೊರಸೂಸುವಿಕೆ ಎಂದರೆ ನಾಲ್ಕು ಸಂಗತಿಗಳ ಗುಣಲಬ್ಧ: ಜನಸಂಖ್ಯೆ, ತಲಾ ಆದಾಯ, ಒಂದು ಘಟಕ ಆದಾಯಕ್ಕೆ ಬೇಕಾಗುವ ಇಂಧನ, ಒಂದು ಘಟಕ ಇಂಧನದಿಂದ ಹೊರಬರುವ ಇಂಗಾಲ. ಕೆಲಸ ಹೋದಾಗ ತಗ್ಗುವುದು ಎರಡನೆಯದು ಮಾತ್ರ. ಕೊನೆಯ ಎರಡು ಇದ್ದಲ್ಲೇ ಇರುತ್ತವೆ. ಯಂತ್ರಗಳೂ ಇಂಧನವೂ ಬದಲಾಗಿರುವುದಿಲ್ಲವಲ್ಲ.

ಆರ್ಥಿಕ ನೀತಿಯ ಅನಿಶ್ಚಿತತೆ ಅಂದ್ರೆ ಏನು? ಅದನ್ನ ಅಳೆಯೋಕಾಗುತ್ತಾ?

ಮುಂದಿನ ವರ್ಷ ತೆರಿಗೆ ಎಷ್ಟಿರುತ್ತದೆ, ಸಬ್ಸಿಡಿ ಇರುತ್ತದೋ ಇಲ್ಲವೋ, ಆಮದು ಸುಂಕ ಏರುತ್ತದೋ ಇಳಿಯುತ್ತದೋ, ಹೊಸ ಸರ್ಕಾರ ಹಳೆಯ ಕಾಯ್ದೆಯನ್ನು ಉಳಿಸುತ್ತದೋ ಕಿತ್ತುಹಾಕುತ್ತದೋ ಗೊತ್ತಾಗದ ಸ್ಥಿತಿ ಅದು. ಕೆಟ್ಟ ನೀತಿ ಬೇರೆ, ಅನಿಶ್ಚಿತ ನೀತಿ ಬೇರೆ. ಕೆಟ್ಟ ನೀತಿಗಾದರೂ ಲೆಕ್ಕ ಹಾಕಿ ಸಿದ್ಧರಾಗಬಹುದು.

ಅಳೆಯುವುದಕ್ಕೆ ಹೆಚ್ಚು ಬಳಕೆಯಲ್ಲಿರುವ ಸೂಚ್ಯಂಕ ಅರ್ಥಶಾಸ್ತ್ರಜ್ಞರಾದ ಸ್ಕಾಟ್ ಬೇಕರ್, ನಿಕ್ ಬ್ಲೂಮ್ ಮತ್ತು ಸ್ಟೀವನ್ ಡೇವಿಸ್ ಅವರದು. 2016ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಉಪಾಯ ಸರಳ. ಅಮೆರಿಕದ 10 ದೊಡ್ಡ ಪತ್ರಿಕೆಗಳಲ್ಲಿ ಆರ್ಥಿಕತೆ, ಅನಿಶ್ಚಿತತೆ, ನೀತಿ ಈ ಮೂರಕ್ಕೂ ಸೇರಿದ ಪದಗಳು ಒಟ್ಟಿಗೆ ಬರುವ ಲೇಖನಗಳು ಎಷ್ಟಿವೆ ಎಂದು ತಿಂಗಳು ತಿಂಗಳು ಎಣಿಸುವುದು. 2008ರ ಬ್ಯಾಂಕ್ ಬಿಕ್ಕಟ್ಟು, 2011ರಲ್ಲಿ ಅಮೆರಿಕದ ಸಾಲದ ಮಿತಿಯ ಜಗಳ ಇವೆಲ್ಲ ಅದರಲ್ಲಿ ಎತ್ತರದ ಶಿಖರಗಳಾಗಿ ಕಾಣುತ್ತವೆ. ಬ್ರಿಟನ್ನಿನ ಸೂಚ್ಯಂಕದಲ್ಲಿ 2016ರ ಬ್ರೆಕ್ಸಿಟ್ ಮತದಾನ ಹಾಗೇ ಎದ್ದು ಕಾಣುತ್ತದೆ. ಈಗ ಹಲವು ದೇಶಗಳಿಗೆ ಇಂಥ ಸೂಚ್ಯಂಕವಿದೆ. ಇದು ಪತ್ರಿಕೆಗಳ ಕನ್ನಡಿಯಲ್ಲಿ ಕಂಡ ಗೊಂದಲ, ಅಷ್ಟೇ. ಪತ್ರಿಕೆಗಳು ಬರೆಯಲು ಹೆದರುವ ದೇಶದಲ್ಲಿ ಸೂಚ್ಯಂಕ ಕೆಳಗಿದ್ದರೆ ಅಲ್ಲಿ ನೀತಿ ಸ್ಥಿರವಾಗಿದೆ ಎಂದು ಹೇಳಲಾಗದು.

ಹಾಗಾದ್ರೆ ನಿರುದ್ಯೋಗ ಜಾಸ್ತಿಯಾದ್ರೆ ಪರಿಸರಕ್ಕೆ ಒಳ್ಳೇದು ಅಂತಾನಾ?

ಇಲ್ಲ. ಇದನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾದ ಹೊರಸೂಸುವಿಕೆ ಆ ದಶಕದ ಕೊನೆಯ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯಿತು. ಅದೇ ಹೊತ್ತಿನಲ್ಲಿ ಏನಾಯಿತು ನೋಡಿ. ಕಾರ್ಖಾನೆಗಳು ನಿಂತವು, ಸಂಬಳ ತಿಂಗಳುಗಟ್ಟಲೆ ಬರಲಿಲ್ಲ, ಗಂಡಸರ ಸರಾಸರಿ ಆಯಸ್ಸು 1990ರಲ್ಲಿ ಸುಮಾರು 64 ವರ್ಷ ಇದ್ದದ್ದು 1994ರ ಹೊತ್ತಿಗೆ 58ರ ಒಳಗೆ ಬಂತು. ಇಂಗಾಲದ ಗ್ರಾಫ್ ಮಾತ್ರ ನೋಡುವವರಿಗೆ ಅದು ಗೆಲುವಿನಂತೆ ಕಾಣಬಹುದು. ಜನರ ಬದುಕನ್ನು ಬೆಲೆಯಾಗಿ ತೆತ್ತ ಇಳಿಕೆಯನ್ನು ಗೆಲುವು ಎನ್ನಲು ನನಗೆ ಮನಸ್ಸಿಲ್ಲ.

ಪರಿಸರದ ಲೆಕ್ಕದಲ್ಲೂ ಇದು ನಿಲ್ಲುವುದಿಲ್ಲ. ಕೆಲಸ ಕಳೆದುಕೊಂಡ ಜನಕ್ಕೆ ಮೊದಲು ಬೇಕಾಗುವುದು ಕೆಲಸ. ಅವರ ಮತಕ್ಕಾಗಿ ಸರ್ಕಾರಗಳು ಪರಿಸರ ನಿಯಮಗಳನ್ನೇ ಸಡಿಲಿಸುತ್ತವೆ.

2020ರಲ್ಲಿ ಇಡೀ ಜಗತ್ತೇ ನಿಂತಿತ್ತಲ್ಲ, ಆಗ ಎಷ್ಟು ಕಡಿಮೆಯಾಯ್ತು?

ಅಂದುಕೊಂಡದ್ದಕ್ಕಿಂತ ಕಡಿಮೆ. 2020ರ ಏಪ್ರಿಲ್ ಮೊದಲ ವಾರಗಳಲ್ಲಿ ಜಗತ್ತಿನ ದಿನದ ಹೊರಸೂಸುವಿಕೆ 2019ರ ಸರಾಸರಿಗಿಂತ ಸುಮಾರು 17% ಕೆಳಗಿತ್ತು. ಇಡೀ ವರ್ಷದ ಲೆಕ್ಕದಲ್ಲಿ ಇಳಿಕೆ 5%ರಿಂದ 6%ರ ನಡುವೆ. ಅದಕ್ಕೆ ತೆತ್ತ ಬೆಲೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ ಆ ವರ್ಷ ಜಗತ್ತಿನ ಒಟ್ಟು ದುಡಿಮೆಯ ಗಂಟೆಗಳಲ್ಲಿ 8.8% ನಷ್ಟವಾಯಿತು. ಅದು ಸುಮಾರು 25.5 ಕೋಟಿ ಪೂರ್ಣಾವಧಿ ಕೆಲಸಗಳಿಗೆ ಸಮ.

2021ರಲ್ಲಿ ಇಳಿದದ್ದೆಲ್ಲ ಬಹುತೇಕ ಹಿಂದಕ್ಕೆ ಬಂತು. ಇನ್ನೊಂದು ಸಂಗತಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ 2020ರಲ್ಲೂ ಏರಿತು. ಹವಾಯಿಯ ಮೌನಾ ಲೋವಾದಲ್ಲಿ ವಾರ್ಷಿಕ ಸರಾಸರಿ 2019ರಲ್ಲಿ 411 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಅಳತೆ) ಇತ್ತು, 2020ರಲ್ಲಿ 414. ತುಂಬುತ್ತಿರುವ ತೊಟ್ಟಿಯ ನಲ್ಲಿಯನ್ನು ಒಂದಿಷ್ಟು ತಿರುಗಿಸಿದರೆ ನೀರು ಬೀಳುವುದು ನಿಧಾನವಾಗುತ್ತದೆ, ತೊಟ್ಟಿಯ ಮಟ್ಟ ಏರುತ್ತಲೇ ಇರುತ್ತದೆ.

## ಒಳಗಿನ ಕೆಲಸ ಹೇಗೆ

ಆದಾಯ ಏರಿದಾಗ ಹೊಗೆ ಏರೋ ಹಾಗೆ, ಆದಾಯ ಇಳಿದಾಗ ಅಷ್ಟೇ ಇಳಿಯಬೇಕಲ್ವಾ?

ಹಾಗೆ ಆಗುವುದಿಲ್ಲ. ರಿಚರ್ಡ್ ಯಾರ್ಕ್ ಎಂಬ ಸಮಾಜಶಾಸ್ತ್ರಜ್ಞರು 1960ರಿಂದ 2008ರವರೆಗಿನ ಹಲವು ದೇಶಗಳ ಅಂಕಿಗಳನ್ನು ನೋಡಿದರು. ತಲಾ ಆದಾಯ 1% ಏರಿದಾಗ ತಲಾ ಹೊರಸೂಸುವಿಕೆ ಸರಾಸರಿ 0.73% ಏರಿತ್ತು. ಆದರೆ 1% ಇಳಿದಾಗ 0.43% ಮಾತ್ರ ಇಳಿದಿತ್ತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಳ್ಳೆಯ ದಿನಗಳಲ್ಲಿ ಕಟ್ಟಿದ ಮನೆ, ಕೊಂಡ ಕಾರು, ಹಾಕಿದ ರಸ್ತೆ, ಸ್ಥಾಪಿಸಿದ ವಿದ್ಯುತ್ ಸ್ಥಾವರ ಕೆಟ್ಟ ದಿನಗಳಲ್ಲೂ ಇರುತ್ತವೆ. ಕೆಲಸ ಹುಡುಕಿಕೊಂಡು ಅಲೆಯುವವರೂ ಅದೇ ಹಳೇ ಗಾಡಿಯಲ್ಲೇ ಅಲೆಯುತ್ತಾರೆ. ಹೊಸದು ಕೊಳ್ಳಲು ದುಡ್ಡಿಲ್ಲದಿರುವುದರಿಂದ ಜಾಸ್ತಿ ಇಂಧನ ಕುಡಿಯುವ ಹಳೆಯದೇ ಇನ್ನಷ್ಟು ವರ್ಷ ಓಡುತ್ತದೆ.

2008ರ ಬಿಕ್ಕಟ್ಟಿನ ನಂತರವೂ ಹೀಗೇ ಆಯಿತು. 2009ರಲ್ಲಿ ಜಗತ್ತಿನ ಹೊರಸೂಸುವಿಕೆ ಸುಮಾರು 1.4% ಇಳಿದು, 2010ರಲ್ಲಿ ಸುಮಾರು 5.9% ಏರಿತೆಂದು ಆಗಿನ ಲೆಕ್ಕ. ಆದರೆ ಅಮೆರಿಕದಲ್ಲಿ ನಿರುದ್ಯೋಗ 10%ಕ್ಕೆ ಮುಟ್ಟಿದ್ದು 2009ರ ಅಕ್ಟೋಬರಿನಲ್ಲಿ, ಆಮೇಲೂ ವರ್ಷಗಟ್ಟಲೆ ಅದು ಎತ್ತರದಲ್ಲೇ ಇತ್ತು. ಹೊಗೆ ಬೇಗ ವಾಪಸಾಯಿತು, ಕೆಲಸ ನಿಧಾನವಾಗಿ ವಾಪಸಾಯಿತು.

ಬಡ ದೇಶಗಳಲ್ಲೂ ಇದೇ ಲೆಕ್ಕ ನಡೆಯುತ್ತಾ?

ಪೂರ್ತಿ ನಡೆಯುವುದಿಲ್ಲ. ಮೊದಲು ನಿರುದ್ಯೋಗದ ಅಂಕಿಯನ್ನೇ ನೋಡಿ. ಸಮೀಕ್ಷೆಯ ವಾರದಲ್ಲಿ ದುಡ್ಡಿಗಾಗಿ ಒಂದು ಗಂಟೆ ದುಡಿದರೂ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅವರು ಉದ್ಯೋಗಿ. ನಿರುದ್ಯೋಗ ಭತ್ಯೆ ಸಿಗದ ಕಡೆ ಯಾರೂ ಕೈಕಟ್ಟಿ ಕೂರಲಾರರು. ಕಾರ್ಖಾನೆಯ ಕೆಲಸ ಹೋದವರು ಬೀದಿಬದಿ ವ್ಯಾಪಾರಕ್ಕೋ ದಿನಗೂಲಿಗೋ ಇಳಿಯುತ್ತಾರೆ. ಜಗತ್ತಿನ ದುಡಿಯುವವರಲ್ಲಿ ಸುಮಾರು 200 ಕೋಟಿ ಜನ, ಅಂದರೆ 100ಕ್ಕೆ 60 ಮಂದಿ, ಅಸಂಘಟಿತ ವಲಯದವರು. ಹೀಗಾಗಿ ಎಷ್ಟೋ ಬಡ ದೇಶಗಳಲ್ಲಿ ನಿರುದ್ಯೋಗದ ಪ್ರಮಾಣ ಶ್ರೀಮಂತ ದೇಶಗಳಿಗಿಂತ ಕಡಿಮೆ ಕಾಣುತ್ತದೆ. ಅದು ಸುಖದ ಗುರುತಲ್ಲ.

ಎರಡನೆಯದು ಅಡುಗೆ ಒಲೆ. ಜಗತ್ತಿನಲ್ಲಿ 200 ಕೋಟಿಗೂ ಹೆಚ್ಚು ಜನ ಇನ್ನೂ ಸೌದೆ, ಇದ್ದಿಲು, ಬೆರಣಿ, ಸೀಮೆಎಣ್ಣೆಯಲ್ಲಿ ಅಡುಗೆ ಮಾಡುತ್ತಾರೆ. ಆದಾಯ ನಿಂತಾಗ ಗ್ಯಾಸ್ ಸಿಲಿಂಡರ್ ತುಂಬಿಸಲಾಗದೆ ಸೌದೆಗೆ ಮರಳುವವರು ಇದ್ದೇ ಇರುತ್ತಾರೆ. ಸುಟ್ಟ ಸೌದೆಯ ಹೊಗೆ ಪಳೆಯುಳಿಕೆ ಇಂಧನದ ಲೆಕ್ಕದಲ್ಲಿ ಸೇರುವುದಿಲ್ಲ. ಕಾಗದದ ಮೇಲೆ ಹೊರಸೂಸುವಿಕೆ ಇಳಿದಿರುತ್ತದೆ. ಅಡುಗೆಮನೆಯಲ್ಲಿ ಕೆಮ್ಮುತ್ತಿರುವವರಿಗೆ ಅದು ಏರಿರುತ್ತದೆ.

ಗೊಂದಲ ಇದ್ದಾಗ ಯಾರೂ ಹೂಡಿಕೆ ಮಾಡಲ್ಲ. ಹೂಡಿಕೆ ಇಲ್ಲ ಅಂದ್ರೆ ಹೊಗೆನೂ ಕಡಿಮೆ ಆಗಬೇಕಲ್ಲ?

ಅರ್ಧ ಸರಿ. ಅನಿಶ್ಚಿತತೆ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಒಂದು, ಜನ ಮತ್ತು ಕಂಪನಿಗಳು ಕೈ ಬಿಗಿ ಹಿಡಿಯುತ್ತಾರೆ. ಬಳಕೆ ಇಳಿಯುತ್ತದೆ, ಹೊಗೆ ಇಳಿಯುತ್ತದೆ. ಎರಡು, ಹಳೆ ಯಂತ್ರ ತೆಗೆದು ಹೊಸದು ಹಾಕುವ ಕೆಲಸ ಮುಂದಕ್ಕೆ ಹೋಗುತ್ತದೆ. ಆಗ ಹೊಗೆ ಇಳಿಯುವುದು ನಿಲ್ಲುತ್ತದೆ. ಮೊದಲನೆಯದರ ಪರಿಣಾಮ ಬೇಗ ಬಂದು ಬೇಗ ಹೋಗುತ್ತದೆ. ಎರಡನೆಯದರ ಪರಿಣಾಮ ನಿಧಾನ, ಆದರೆ ದಶಕಗಟ್ಟಲೆ ಉಳಿಯುತ್ತದೆ. ನನ್ನ ಮಟ್ಟಿಗೆ ನಿಜವಾದ ಅಪಾಯ ಈ ಎರಡನೆಯದು.

ಒಂದು ಲೆಕ್ಕ ಹಾಕಿ ನೋಡೋಣ. ಕಲ್ಲಿದ್ದಲು ಸುಡುವ ಹಳೇ ಬಾಯ್ಲರ್ ಇರುವ ಒಂದು ಕಾರ್ಖಾನೆ. ಅದನ್ನು ತೆಗೆದು ವಿದ್ಯುತ್ತಿನಿಂದ ನಡೆಯುವುದನ್ನು ಹಾಕಲು ಖರ್ಚು 100 ಎಂದುಕೊಳ್ಳಿ. ಇಂಗಾಲದ ತೆರಿಗೆ (ಬಿಡುವ ಇಂಗಾಲಕ್ಕೆ ತಕ್ಕಂತೆ ಕಟ್ಟುವ ತೆರಿಗೆ) ಮುಂದುವರಿದರೆ ಹೊಸ ಯಂತ್ರದಿಂದ ಆಗುವ ಒಟ್ಟು ಉಳಿತಾಯ 160. ತೆರಿಗೆ ರದ್ದಾದರೆ 80. ಎರಡಕ್ಕೂ ಸಮಸಮ ಸಾಧ್ಯತೆ. ಇವತ್ತೇ ಹಾಕಿದರೆ ಸರಾಸರಿ ಉಳಿತಾಯ 120, ಖರ್ಚು ಕಳೆದು ಲಾಭ 20. ಲಾಭವಿದೆ, ಹಾಕಬಹುದು ಎನಿಸುತ್ತದೆ, ಅಲ್ವಾ?

ಈಗ ಮಾಲೀಕರು ಒಂದು ವರ್ಷ ಕಾದರು ಎಂದುಕೊಳ್ಳಿ. ಅಷ್ಟರಲ್ಲಿ ತೆರಿಗೆಯ ಹಣೆಬರಹ ಗೊತ್ತಾಗುತ್ತದೆ. ರದ್ದಾದರೆ ಯಂತ್ರ ಹಾಕುವುದೇ ಇಲ್ಲ, ನಷ್ಟವೂ ಇಲ್ಲ. ಉಳಿದರೆ ಹಾಕುತ್ತಾರೆ. ಒಂದು ವರ್ಷದ ಉಳಿತಾಯ ತಪ್ಪಿದ್ದರಿಂದ 160ರ ಬದಲು 150 ಸಿಗುತ್ತದೆ, ಲಾಭ 50. ಅರ್ಧ ಸಾಧ್ಯತೆಯಲ್ಲಿ 50, ಅರ್ಧದಲ್ಲಿ ಸೊನ್ನೆ. ಸರಾಸರಿ 25. ಕಾಯುವುದೇ ಜಾಸ್ತಿ ಲಾಭ! ಅದೇ ಉಳಿತಾಯ ಖಚಿತವಾಗಿ 120 ಎಂದು ಗೊತ್ತಿದ್ದರೆ ಅವರು ಇವತ್ತೇ ಹಾಕುತ್ತಿದ್ದರು. ಸರಾಸರಿ ಎರಡು ಕಡೆಯೂ 120. ಬದಲಾದದ್ದು ಅನಿಶ್ಚಿತತೆ ಮಾತ್ರ. ಮಾಲೀಕರು ದುರಾಸೆಯವರೇನಲ್ಲ, ಲೆಕ್ಕ ಬಲ್ಲವರು. ಅವರು ಕಾಯುವಷ್ಟು ಕಾಲ ಹಳೇ ಬಾಯ್ಲರ್ ಉರಿಯುತ್ತಲೇ ಇರುತ್ತದೆ. ಒಮ್ಮೆ ಹಾಕಿದ ದುಡ್ಡನ್ನು ವಾಪಸ್ ತೆಗೆಯಲಾಗದ ಹೂಡಿಕೆಗಳಲ್ಲಿ ಕಾಯುವುದಕ್ಕೇ ಬೆಲೆ ಇದೆ ಎಂಬ ಈ ವಿಚಾರವನ್ನು ಅರ್ಥಶಾಸ್ತ್ರಜ್ಞ ಬೆನ್ ಬರ್ನಾಂಕೆ 1983ರಲ್ಲೇ ಬರೆದಿದ್ದರು. ಅವಿನಾಶ್ ದೀಕ್ಷಿತ್ ಮತ್ತು ರಾಬರ್ಟ್ ಪಿಂಡೈಕ್ 1994ರಲ್ಲಿ ಅದನ್ನು ಪುಸ್ತಕವಾಗಿ ವಿಸ್ತರಿಸಿದರು.

ಸೌರ, ಪವನ ವಿದ್ಯುತ್ತಿಗೆ ಈ ಪೆಟ್ಟು ಜೋರಾಗಿ ಬೀಳುತ್ತದೆ. ಅಲ್ಲಿ ಬಹುಪಾಲು ಖರ್ಚು ಮೊದಲ ದಿನವೇ ಆಗಿಬಿಡುತ್ತದೆ. ಕಲ್ಲಿದ್ದಲಿನ ಸ್ಥಾವರದಲ್ಲಿ ಖರ್ಚಿನ ದೊಡ್ಡ ಪಾಲು ಇಂಧನದ್ದು, ಅದನ್ನು ಬೇಕಾದಾಗ ನಿಲ್ಲಿಸಬಹುದು.

ಇದು ಪುಸ್ತಕದ ಲೆಕ್ಕ. ನಿಜವಾಗಿ ಹೀಗಾಗಿದ್ದು ಎಲ್ಲಾದ್ರೂ ಇದೆಯಾ?

ಅಮೆರಿಕದ ಪವನ ವಿದ್ಯುತ್ತಿನ ಕತೆಗಿಂತ ಸ್ಪಷ್ಟವಾದದ್ದು ನನಗೆ ಗೊತ್ತಿಲ್ಲ. ಅಲ್ಲಿ 1992ರಲ್ಲಿ ಪವನ ವಿದ್ಯುತ್ ಉತ್ಪಾದನೆಗೆ ತೆರಿಗೆ ರಿಯಾಯಿತಿ ಬಂತು. ಆದರೆ ಅದಕ್ಕೆ ಗಡುವು ಇತ್ತು. ಸಂಸತ್ತು ಅದನ್ನು ಮತ್ತೆ ಮತ್ತೆ ಕೊನೇ ಗಳಿಗೆಯಲ್ಲಿ, ಇಲ್ಲವೇ ಗಡುವು ಮೀರಿದ ಮೇಲೆ ಮುಂದುವರಿಸುತ್ತಿತ್ತು. 1999ರ ಮಧ್ಯದಲ್ಲಿ, ಆಮೇಲೆ 2001, 2003ರ ಕೊನೆಗೆ ರಿಯಾಯಿತಿ ಮುಗಿದಾಗಲೆಲ್ಲ ಮರುವರ್ಷ ಹೊಸ ಗಾಳಿಯಂತ್ರಗಳ ಸಂಖ್ಯೆ ಪಾತಾಳಕ್ಕಿಳಿಯಿತು. 2012ರಲ್ಲಿ ಗಡುವಿಗೆ ಮುಂಚೆ ಮುಗಿಸಬೇಕೆಂದು ಧಾವಂತದಲ್ಲಿ ಸುಮಾರು 13,000 ಮೆಗಾವ್ಯಾಟ್ ಸ್ಥಾಪನೆಯಾಯಿತು. 2013ರಲ್ಲಿ ಬಂದದ್ದು ಸುಮಾರು 1,100 ಮೆಗಾವ್ಯಾಟ್ ಮಾತ್ರ.

ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. 2013ರ ಜನವರಿ ಮೊದಲ ವಾರದಲ್ಲೇ ರಿಯಾಯಿತಿ ಮುಂದುವರಿದಿತ್ತು! ಅಂದರೆ ನೀತಿ ಇತ್ತು. ಆದರೆ ಹಿಂದಿನ ವರ್ಷ ಪೂರ್ತಿ ಯಾರಿಗೂ ಖಾತ್ರಿ ಇರಲಿಲ್ಲ. ಯಾರೂ ಮುಂದಿನ ವರ್ಷಕ್ಕೆ ಜಾಗ ನೋಡಲಿಲ್ಲ, ರೆಕ್ಕೆ ಆರ್ಡರ್ ಮಾಡಲಿಲ್ಲ. ರೆಕ್ಕೆ, ಗೋಪುರ ಮಾಡುವ ಕಾರ್ಖಾನೆಗಳು ಕೆಲಸಗಾರರನ್ನು ಮನೆಗೆ ಕಳಿಸಿದವು. ಆ ಉದ್ಯಮದಲ್ಲಿ 80 ಸಾವಿರದ ಆಸುಪಾಸು ಇದ್ದ ಕೆಲಸಗಳು ಒಂದೇ ವರ್ಷದಲ್ಲಿ 50 ಸಾವಿರದ ಹತ್ತಿರಕ್ಕೆ ಬಂದವು. ಅನಿಶ್ಚಿತತೆ, ನಿರುದ್ಯೋಗ, ಇಂಗಾಲ ಮೂರೂ ಒಂದೇ ಕಡೆ ಸಿಗುವ ಉದಾಹರಣೆ ಇದು. ಇಲ್ಲಿ ಕೆಲಸವೂ ಹೋಯಿತು, ಇಂಗಾಲದ ಇಳಿಕೆಯೂ ತಪ್ಪಿತು.

ಆಸ್ಟ್ರೇಲಿಯಾದ್ದು ಇನ್ನೊಂದು. 2012ರ ಜುಲೈ 1ರಂದು ಇಂಗಾಲಕ್ಕೆ ಟನ್ನಿಗೆ 23 ಆಸ್ಟ್ರೇಲಿಯನ್ ಡಾಲರ್ ಬೆಲೆ ಜಾರಿಗೆ ಬಂತು. ವಿರೋಧ ಪಕ್ಷ ಅಧಿಕಾರಕ್ಕೆ ಬಂದರೆ ತೆಗೆದುಹಾಕುತ್ತೇವೆ ಎಂದು ಮೊದಲಿನಿಂದಲೇ ಹೇಳುತ್ತಿತ್ತು. 2014ರ ಜುಲೈನಲ್ಲಿ ತೆಗೆದೇಬಿಟ್ಟಿತು. ಎರಡು ವರ್ಷ ಮಾತ್ರ ಬದುಕುವ ನಿಯಮ ನಂಬಿ 30 ವರ್ಷದ ಸ್ಥಾವರಕ್ಕೆ ಯಾರು ದುಡ್ಡು ಹಾಕುತ್ತಾರೆ?

## ನೀತಿಯ ಪ್ರಶ್ನೆಗಳು

ಇಂಗಾಲದ ಮೇಲೆ ತೆರಿಗೆ ಹಾಕಿದ್ರೆ ಜನ ಕೆಲಸ ಕಳ್ಕೊಳ್ಳಲ್ವಾ?

ಕೆಲವರು ಕಳೆದುಕೊಳ್ಳುತ್ತಾರೆ, ಕೆಲವರಿಗೆ ಸಿಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2008ರಲ್ಲಿ ಟನ್ನಿಗೆ 10 ಕೆನಡಿಯನ್ ಡಾಲರಿನಿಂದ ಶುರುಮಾಡಿ 2012ಕ್ಕೆ 30ಕ್ಕೆ ಏರಿಸಿತು. ಬಂದ ಹಣವನ್ನು ಬೇರೆ ತೆರಿಗೆ ಇಳಿಸಲು ಬಳಸಿತು. ಅಲ್ಲಿನ ಉದ್ಯೋಗದ ಅಂಕಿಗಳನ್ನು ನೋಡಿದ ಅಧ್ಯಯನದಲ್ಲಿ ರಾಸಾಯನಿಕದಂಥ ಇಂಧನ ಜಾಸ್ತಿ ಬೇಡುವ ಉದ್ಯಮಗಳಲ್ಲಿ ಕೆಲಸ ಇಳಿದಿತ್ತು, ಆರೋಗ್ಯದಂಥ ಸೇವಾ ವಲಯದಲ್ಲಿ ಏರಿತ್ತು. ಒಟ್ಟು ಸಂಖ್ಯೆ ಸ್ವಲ್ಪ ಮೇಲೆಯೇ ಇತ್ತು.

ಆದರೆ ರಾಸಾಯನಿಕ ಘಟಕದಲ್ಲಿ 20 ವರ್ಷ ದುಡಿದವರು ಮರುದಿನವೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲಾಗುವುದಿಲ್ಲ. ಒಟ್ಟು ಸಂಖ್ಯೆ ಹೇಳಿ ಅವರ ಬಾಯಿ ಮುಚ್ಚಿಸುವುದು ಅನ್ಯಾಯ.

ಗಣಿ ಮುಚ್ಚಿದ ಊರುಗಳ ಗತಿ ಏನು?

ಹೇಗೆ ಮುಚ್ಚುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ 1984-85ರ ಮುಷ್ಕರದ ನಂತರ ಗಣಿಗಳು ದಡದಡ ಮುಚ್ಚಿದವು. ಗಣಿಯೂರುಗಳು ದಶಕಗಟ್ಟಲೆ ಚೇತರಿಸಿಕೊಳ್ಳಲಿಲ್ಲ. ಜರ್ಮನಿಯ ಗಟ್ಟಿ ಕಲ್ಲಿದ್ದಲಿನ (ಕಂದು ಕಲ್ಲಿದ್ದಲು ಇದರಲ್ಲಿ ಸೇರಿಲ್ಲ) ಗಣಿಗಳಲ್ಲಿ 1957ರಲ್ಲಿ ಸುಮಾರು 6 ಲಕ್ಷ ಜನ ಇದ್ದರು. ಅಲ್ಲಿ ಇಳಿಸುವ ಕೆಲಸ 60 ವರ್ಷ ನಡೆಯಿತು. ವಯಸ್ಸಾದವರಿಗೆ ಬೇಗ ನಿವೃತ್ತಿ, ಉಳಿದವರಿಗೆ ತರಬೇತಿ, ಗಣಿಗಳಿದ್ದ ರೂರ್ ಪ್ರದೇಶದಲ್ಲಿ ಹೊಸ ವಿಶ್ವವಿದ್ಯಾಲಯಗಳು. ಗಟ್ಟಿ ಕಲ್ಲಿದ್ದಲಿನ ಕೊನೆಯ ಗಣಿ ಪ್ರೊಸ್ಪರ್-ಹಾನಿಯಲ್ 2018ರ ಡಿಸೆಂಬರಿನಲ್ಲಿ ಮುಚ್ಚಿತು. ರೂರ್‌ನಲ್ಲಿ ಈಗಲೂ ನಿರುದ್ಯೋಗ ಜರ್ಮನಿಯ ಸರಾಸರಿಗಿಂತ ಜಾಸ್ತಿಯೇ. ಆದರೂ ಜನರನ್ನು ಬೀದಿಗೆ ತಳ್ಳಲಿಲ್ಲ.

ಸಮಯ ಈಗ 60 ವರ್ಷ ಇಲ್ಲ, ನಿಜ. ಅದಕ್ಕೇ ದುಡ್ಡು ಬೇಕು. ಜರ್ಮನಿ ಕಲ್ಲಿದ್ದಲಿನ ವಿದ್ಯುತ್ತನ್ನು ಹೆಚ್ಚೆಂದರೆ 2038ರೊಳಗೆ ನಿಲ್ಲಿಸುವ ಕಾಯ್ದೆಯನ್ನು 2020ರಲ್ಲಿ ಮಾಡಿದಾಗ, ಆ ಪ್ರದೇಶಗಳಿಗೆ 4,000 ಕೋಟಿ ಯೂರೊವರೆಗೆ ನೆರವನ್ನೂ ಜೊತೆಗೇ ಗೊತ್ತುಮಾಡಿತು.

ಹಿಂಜರಿತ ಬಂದಾಗ ಕಾರ್ಬನ್ ಮಾರುಕಟ್ಟೆ ಏನಾಗುತ್ತೆ?

ಯುರೋಪಿನ ಅನುಭವ ನೋಡಿ. 2005ರಲ್ಲಿ ಶುರುವಾದ ಅಲ್ಲಿನ ವ್ಯವಸ್ಥೆಯಲ್ಲಿ ಹೊಗೆ ಬಿಡುವ ಪರವಾನಗಿಗಳ ಸಂಖ್ಯೆ ಮೊದಲೇ ನಿಗದಿ, ಕಂಪನಿಗಳು ಅವನ್ನು ಕೊಂಡು ಮಾರುತ್ತವೆ. 2008ರ ಬಿಕ್ಕಟ್ಟಿನಲ್ಲಿ ಉತ್ಪಾದನೆ ಕುಸಿದು ಪರವಾನಗಿಗಳು ಉಳಿದವು. 2008ರ ಮಧ್ಯದಲ್ಲಿ 30 ಯೂರೊ ಹತ್ತಿರ ಇದ್ದ ಬೆಲೆ 2013ರಲ್ಲಿ 5 ಯೂರೊಗಿಂತ ಕೆಳಗೆ ಬಂತು. ಮಿಕ್ಕ ಪರವಾನಗಿಗಳು 200 ಕೋಟಿ ದಾಟಿದ್ದವು. ಅಂದರೆ ಹಿಂಜರಿತದಲ್ಲಿ ಹೊರಬೀಳದ ಇಂಗಾಲ ನಿಜವಾದ ಉಳಿತಾಯವಾಗಲಿಲ್ಲ, ಮುಂದೆ ಬಿಡುವ ಹಕ್ಕಾಗಿ ಜಮೆಯಾಯಿತು! 2019ರಿಂದ ಮಿಗುತಾಯವನ್ನು ಹಿಂದಕ್ಕೆ ಎಳೆದುಕೊಳ್ಳುವ ಏರ್ಪಾಡು ಬಂದ ಮೇಲೆ ಬೆಲೆ ಚೇತರಿಸಿತು. 2023ರ ಫೆಬ್ರವರಿಯಲ್ಲಿ 100 ಯೂರೊ ದಾಟಿತ್ತು.

ಹಾಗಾದ್ರೆ ಒಮ್ಮೆ ಮಾಡಿದ ನೀತಿ ಬದಲಾಯಿಸಲೇಬಾರದಾ?

ಬದಲಾಯಿಸಬಹುದು. ಯಾವಾಗ, ಹೇಗೆ ಬದಲಾಗುತ್ತದೆ ಎಂದು ಮೊದಲೇ ತಿಳಿದಿರಬೇಕು. ಬ್ರಿಟನ್ನಿನ 2008ರ ಹವಾಮಾನ ಕಾಯ್ದೆಯಲ್ಲಿ ಐದೈದು ವರ್ಷದ ಇಂಗಾಲದ ಮಿತಿಗಳಿವೆ. ಒಂದೊಂದನ್ನೂ ಸುಮಾರು 12 ವರ್ಷ ಮುಂಚೆಯೇ ಗೊತ್ತುಮಾಡುತ್ತಾರೆ. ಸರ್ಕಾರಗಳು ಬಂದವು, ಹೋದವು, ಕಾಯ್ದೆ ಉಳಿಯಿತು. 2012ರಲ್ಲಿ ಅಲ್ಲಿನ ವಿದ್ಯುತ್ತಿನಲ್ಲಿ ಸುಮಾರು 40% ಕಲ್ಲಿದ್ದಲಿನಿಂದ ಬರುತ್ತಿತ್ತು. ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ನಿಂತಿತು.

## ಅಂಕಿಗಳೊಂದಿಗೆ ಕೆಲಸ ಮಾಡುವವರಿಗೆ

‘ಎನ್ವಿರಾನ್‌ಮೆಂಟಲ್ ಫಿಲಿಪ್ಸ್ ಕರ್ವ್’ ಅಂತ ಕೇಳಿದೆ. ಅದನ್ನ ನಂಬಬಹುದಾ?

ನಿರುದ್ಯೋಗ ಏರಿದರೆ ಮಾಲಿನ್ಯ ಇಳಿಯುತ್ತದೆ, ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು ಎನ್ನುವ ರೇಖೆ ಅದು. 2020ರ ಸುಮಾರಿಗೆ ಈ ಹೆಸರಿನಲ್ಲಿ ಸಂಶೋಧನೆಗಳು ಬರತೊಡಗಿದವು. ಕೆಲವು ದೇಶಗಳ ಅಂಕಿಗಳಲ್ಲಿ ಅದು ಕಾಣುತ್ತದೆ. ಆದರೆ ಹಿಂದೆ ಹೀಗಿತ್ತು ಎನ್ನುವುದು ಮುಂದೆಯೂ ಹೀಗೇ ಇರಬೇಕು ಎಂಬುದಕ್ಕೆ ಆಧಾರವಲ್ಲ. ಆ ರೇಖೆ ಕಾಣುವುದು ಉತ್ಪಾದನೆ ಪಳೆಯುಳಿಕೆ ಇಂಧನಕ್ಕೆ ಕಟ್ಟಿಬಿದ್ದಿರುವವರೆಗೆ. ವಿದ್ಯುತ್ ಶುದ್ಧವಾದ ಕಡೆ ಕೆಲಸ ಏರಿದರೂ ಹೊಗೆ ಅಷ್ಟು ಏರಬೇಕಿಲ್ಲ.

ಒಂದು ಅಧ್ಯಯನ ಅನಿಶ್ಚಿತತೆಯಿಂದ ಹೊಗೆ ಏರುತ್ತೆ ಅನ್ನುತ್ತೆ, ಇನ್ನೊಂದು ಇಳಿಯುತ್ತೆ ಅನ್ನುತ್ತೆ. ಯಾರು ಸರಿ?

ಇಬ್ಬರೂ ಸರಿ ಇರಬಹುದು. ಮೊದಲು ಕಾಲಾವಧಿ ನೋಡಿ. ಅಲ್ಪಾವಧಿಯಲ್ಲಿ ಬಳಕೆಯ ಇಳಿಕೆ ಗೆಲ್ಲುತ್ತದೆ, ದೀರ್ಘಾವಧಿಯಲ್ಲಿ ಹಳೇ ಯಂತ್ರಗಳು ಗೆಲ್ಲುತ್ತವೆ. ಆಮೇಲೆ ಯಾವ ಹೊರಸೂಸುವಿಕೆ ಎಂದು ನೋಡಿ. ದೇಶದೊಳಗೆ ಉತ್ಪಾದನೆಯಾದಾಗ ಹೊರಬಂದದ್ದೋ, ಅಲ್ಲಿನ ಜನ ಬಳಸಿದ ಸರಕಿನ ಹಿಂದಿರುವುದೋ? ಕಾರ್ಖಾನೆ ಬೇರೆ ದೇಶಕ್ಕೆ ಹೋದರೆ ಮೊದಲನೆಯದು ಇಳಿಯುತ್ತದೆ, ಕೆಲಸವೂ ಹೋಗುತ್ತದೆ, ಭೂಮಿಗೆ ಮಾತ್ರ ಏನೂ ಉಳಿಯುವುದಿಲ್ಲ.

ಮೂರನೆಯದು, ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುವ ಎರಡು ಸಾಲುಗಳನ್ನು ಸುಮ್ನೆ ಒಂದರ ಮೇಲೊಂದು ಇಟ್ಟು ರಿಗ್ರೆಶನ್ (ಒಂದು ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಮಾಡಿದರೆ ಇಲ್ಲದ ಸಂಬಂಧವೂ ಇದ್ದಂತೆ ಕಾಣುತ್ತದೆ. ಕ್ಲೈವ್ ಗ್ರೇಂಜರ್ ಮತ್ತು ಪಾಲ್ ನ್ಯೂಬೋಲ್ಡ್ 1974ರಲ್ಲೇ ಇದನ್ನು ಎಚ್ಚರಿಸಿದ್ದರು. ಇನ್ನು ‘ಗ್ರೇಂಜರ್ ಕಾಸಾಲಿಟಿ’ ಎಂಬ ಪರೀಕ್ಷೆ ಹೇಳುವುದು ಒಂದರ ಹಿಂದಿನ ಅಂಕಿಗಳಿಂದ ಇನ್ನೊಂದನ್ನು ಊಹಿಸಲು ನೆರವಾಗುತ್ತದೆಯೇ ಎಂದಷ್ಟೇ. ಹೆಸರಿನಲ್ಲಿ ಕಾರಣ ಎಂದಿದ್ದರೂ ಅದು ಕಾರಣವನ್ನು ತೋರಿಸುವುದಿಲ್ಲ.

ಈ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಅನಿಶ್ಚಿತತೆಯ ಸೂಚ್ಯಂಕ ತಿಂಗಳುವಾರು ಉಚಿತವಾಗಿ ಸಿಗುತ್ತದೆ. ಹೊರಸೂಸುವಿಕೆಗೆ ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್‌ನ ವಾರ್ಷಿಕ ಅಂಕಿಗಳಿವೆ, ಬಳಕೆಯ ಲೆಕ್ಕದವೂ ಅಲ್ಲೇ ಇವೆ. ನಿರುದ್ಯೋಗಕ್ಕೆ ಬಹಳ ಜನ ವಿಶ್ವಬ್ಯಾಂಕ್ ಕೊಡುವ, 1991ರಿಂದ ಶುರುವಾಗುವ ಅಂಕಿಗಳ ಸಾಲನ್ನು ಎತ್ತಿಕೊಳ್ಳುತ್ತಾರೆ. ಇಲ್ಲಿ ಹುಷಾರು. ಅದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಅಂದಾಜು. ಸಮೀಕ್ಷೆ ನಡೆಯದ ವರ್ಷಗಳ ಅಂಕಿಯನ್ನು ಆರ್ಥಿಕ ಬೆಳವಣಿಗೆಯಂಥ ಬೇರೆ ಅಂಕಿಗಳಿಂದ ಲೆಕ್ಕ ಕಟ್ಟಿ ತುಂಬಿರುತ್ತಾರೆ. ಅದನ್ನೇ ಹಿಡಿದು ಬೆಳವಣಿಗೆಗೂ ನಿರುದ್ಯೋಗಕ್ಕೂ ನಂಟು ಹುಡುಕಿದರೆ, ಅವರು ಹಾಕಿಟ್ಟದ್ದೇ ನಿಮಗೆ ವಾಪಸ್ ಸಿಗುತ್ತದೆ. ಮಾದರಿ ಅಂದಾಜಿನ ಪಕ್ಕದಲ್ಲೇ ರಾಷ್ಟ್ರೀಯ ಅಂದಾಜು ಎಂಬ ಇನ್ನೊಂದು ಸಾಲು ಇರುತ್ತದೆ. ಅದರಲ್ಲಿ ಸಮೀಕ್ಷೆ ಇಲ್ಲದ ವರ್ಷ ಖಾಲಿ ಇರುತ್ತದೆ. ಖಾಲಿ ಜಾಗ ಜಾಸ್ತಿ ಇರುವ ದೇಶಗಳನ್ನು ಬಿಟ್ಟು, ಉಳಿದವುಗಳಿಂದಲೇ ಶುರು ಮಾಡಿ.